ಲಾಟೀನು ಹಿಡಿದು ಹೊರಟ ಹುಡುಗ



ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಕರಾಟೆ ಕಲಿಯುತ್ತಿದ್ದಾರೆ. ಸೇರಿದ ಮೂರೇ ತಿಂಗಳಿಗೆ, 'ಬೆಲ್ಟಿನ ಬಣ್ಣ ಬದಲಾಗುವುದು ಯಾವಾಗ?' ಎಂದು ಮಕ್ಕಳಿಗಿಂತ ಮೊದಲು ಹೆತ್ತವರಾದ ನಾವೇ ಕೇಳುವುದುಂಟು. ಆಧುನಿಕ ಕರಾಟೆಯ ಪಿತಾಮಹರೆನಿಸಿದ ಗಿಚಿನ್ ಫುನಾಕೋಶಿಯವರ ಎಳೆಯ ದಿನಗಳನ್ನು ಅರಿತರೆ ನಮ್ಮ ಈ ಅವಸರ ತುಸು ತಗ್ಗೀತು.

ಇಂದು ಜಪಾನಿಗೆ ಸೇರಿರುವ ಒಕಿನಾವಾ ದ್ವೀಪದ ಶೂರಿಯಲ್ಲಿ, 1868ರಲ್ಲಿ, ದಿನ ತುಂಬುವ ಮೊದಲೇ ಅವರು ಹುಟ್ಟಿದರು. ಈ ಮಗು ಬಹುಕಾಲ ಬಾಳದೆಂದೇ ಮನೆಯವರು ತಿಳಿದಿದ್ದರು. ತಂದೆಯ ಕುಡಿತದಿಂದ ಆಸ್ತಿ ಕರಗುತ್ತಿತ್ತು. ಬಡಕಲು ಮಗುವನ್ನು ತಾಯಿಯ ತಂದೆತಾಯಿ ಸಾಕಿದರು. ಮುಂದೆ ಶಾಲೆಯಲ್ಲಿ ಗೆಳೆಯನಾದ ಹುಡುಗನ ತಂದೆಯೇ ಕರಾಟೆ ಗುರು ಆಂಕೋ ಅಜಾಟೊ.

ಆಗ ಕರಾಟೆಯನ್ನು ಬಹಿರಂಗವಾಗಿ ಕಲಿಸುತ್ತಿರಲಿಲ್ಲ. ರಾತ್ರಿ ಲಾಟೀನು ಹಿಡಿದು ಗುರುಗಳ ಮನೆಗೆ ನಡೆದರೆ, ಮರಳುವಾಗ ಬೆಳಗಿನ ಜಾವ. ಹುಡುಗ ಕೆಟ್ಟ ದಾರಿ ಹಿಡಿದಿರಬೇಕೆಂದು ನೆರೆಹೊರೆಯವರು ಶಂಕಿಸಿದರು! ಅಂಗಳದಲ್ಲಿ ಶಿಷ್ಯನ ಅಭ್ಯಾಸ. ಜಗಲಿಯ ಮೇಲೆ ಕುಳಿತ ಗುರುಗಳ ಮೌನ ನೋಟ. 'ಕಟಾ' ಎಂದರೆ ಕ್ರಮಬದ್ಧ ಚಲನೆಗಳ ಪಾಠ. ತಿಂಗಳುಗಟ್ಟಲೆ ಒಂದೇ ಕಟಾ. ಗುರುಗಳಿಗೆ ತೃಪ್ತಿಯಾಗದೆ ಮುಂದಿನದಿಲ್ಲ. 'ಟೆಕ್ಕಿ' ಎಂಬ ಮೂರು ಕಟಾಗಳಿಗೇ ಹತ್ತು ವರ್ಷ ಹಿಡಿಯಿತು. ಅಜಾಟೊ ಅವರ ಗೆಳೆಯ ಆಂಕೋ ಇಟೋಸು ಕೂಡ ಕಲಿಸಿದರು. ಸಾಯುವನೆಂದು ಭಾವಿಸಿದ್ದ ಹುಡುಗ ಗಟ್ಟಿಮುಟ್ಟಾದ.

ಮನಸ್ಸಿಗೂ ಪರೀಕ್ಷೆ ಕಾದಿತ್ತು. ವೈದ್ಯರಾಗುವ ಆಸೆಯಿಂದ ಬರೆದ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾದರು. ಆದರೆ ಜುಟ್ಟು ಬಿಟ್ಟವರಿಗೆ ವೈದ್ಯಕೀಯ ಶಾಲೆಯಲ್ಲಿ ಪ್ರವೇಶವಿರಲಿಲ್ಲ. ಜುಟ್ಟು ತೆಗೆಯುವುದು ಹಿರಿಯರಿಗೆ ಮನೆತನದ ಅವಮಾನ. ಅವರ ಮಾತಿಗೆ ತಲೆಬಾಗಿ ಆ ಕನಸನ್ನೇ ಬಿಟ್ಟರು. 1888ರಲ್ಲಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾದಾಗ ಮಾತ್ರ ಜುಟ್ಟು ಕತ್ತರಿಸಲೇಬೇಕಾಯಿತು. ತಂದೆ ಸಿಡಿದೆದ್ದರು, ತಾಯಿ ಮಾತನಾಡದೆ ಹಿತ್ತಲ ಬಾಗಿಲಿನಿಂದ ತವರಿಗೆ ಹೊರಟುಹೋದರು. ಆ ನೋವಿನ ನಡುವೆಯೂ ಹಗಲು ಪಾಠ, ರಾತ್ರಿ ಅಭ್ಯಾಸ ನಿಲ್ಲಲಿಲ್ಲ.

1922ರಲ್ಲಿ ಕರಾಟೆಯನ್ನು ಪ್ರದರ್ಶಿಸಲು ಟೋಕಿಯೊಗೆ ಹೋದಾಗ ಅವರ ವಯಸ್ಸು ಐವತ್ತು ದಾಟಿತ್ತು. ಅಲ್ಲಿಯೇ ಉಳಿದು, ಹೊಟ್ಟೆಪಾಡಿಗಾಗಿ ವಿದ್ಯಾರ್ಥಿ ನಿಲಯವೊಂದರಲ್ಲಿ ಕಸ ಗುಡಿಸಿ, ಕಾವಲು ಕಾಯ್ದು, ಉಳಿದ ವೇಳೆಯಲ್ಲಿ ಕಲಿಸಿದರು. 1957ರಲ್ಲಿ ತೀರಿಕೊಂಡಾಗ ಅವರಿಗೆ 88 ವರ್ಷ.

ಅಂದಹಾಗೆ, ಅವರು ಕಲಿಯುವಾಗ ಬೆಲ್ಟುಗಳೇ ಇರಲಿಲ್ಲ. ಜೂಡೊ ನೋಡಿ, 1924ರಲ್ಲಿ ಅವರೇ ತಮ್ಮ ಶಿಷ್ಯರಿಗೆ ಕಪ್ಪು ಬೆಲ್ಟು ಕೊಡಲಾರಂಭಿಸಿದರು. ಆದ್ದರಿಂದ ಮಗು ತರಗತಿಯಿಂದ ಮನೆಗೆ ಬಂದಾಗ ಬೆಲ್ಟಿನ ಬಣ್ಣ ಕೇಳುವುದು ಬೇಡ. 'ಇಂದು ಯಾವುದನ್ನು ಮತ್ತೆ ಮತ್ತೆ ಮಾಡಿದೆ, ಕಂದಾ?' ಎಂದು ಕೇಳೋಣ. ಆಮೇಲೆ ನಾವೂ ಜಗಲಿಯಲ್ಲಿ ಕುಳಿತು ಅದನ್ನು ತಾಳ್ಮೆಯಿಂದ ನೋಡೋಣ.