ಎಳೆಯರ ಕೈಯಲ್ಲಿ ಕಹಿ ಚರಿತ್ರೆ

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಯೂನಿಯನ್‌ಟೌನ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಕೆಲವು ನೂರು, ಅಷ್ಟೇ. 1999ರಲ್ಲಿ ಅಲ್ಲಿನ ಹೈಸ್ಕೂಲಿನ ಮೇಷ್ಟ್ರು ನಾರ್ಮನ್ ಕೊನಾರ್ಡ್ ಕೆಲವು ವಿದ್ಯಾರ್ಥಿನಿಯರಿಗೆ ಹಳೆಯ ಪತ್ರಿಕೆಯೊಂದರ ತುಣುಕು ಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಐರಿನಾ ಸೆಂಡ್ಲರ್ ಎಂಬ ಪೋಲಿಷ್ ಮಹಿಳೆ ವಾರ್ಸಾದ ಯಹೂದಿ ಘೆಟ್ಟೋದಿಂದ 2,500 ಮಕ್ಕಳನ್ನು ಪಾರುಮಾಡಿದ್ದರು ಎಂದು ಅದರಲ್ಲಿತ್ತು. ಮೇಷ್ಟ್ರಿಗೇ ಅನುಮಾನ. ಅಚ್ಚಿನ ತಪ್ಪಿರಬಹುದು, ನೀವೇ ಹುಡುಕಿ ನೋಡಿ ಎಂದರು.

ಯಹೂದಿಗಳ ನರಮೇಧವಾದ ಹೋಲೋಕಾಸ್ಟ್‌ನಂಥ ವಿಷಯವನ್ನು ಶಾಲೆಗೆ ತರುವವರು ಸಾಮಾನ್ಯವಾಗಿ ಮಕ್ಕಳ ಕರುಳು ಮಿಡಿಸಲು ಹೊರಡುತ್ತಾರೆ. ಕೊನಾರ್ಡ್ ಮೊದಲು ಕಲಿಸಿದ್ದು ಸಂದೇಹಪಡುವುದನ್ನು. ಕರುಣೆ ಆಮೇಲೆ ತಾನಾಗಿ ಬಂತು.

ಹುಡುಗಿಯರ ಕೆಲಸ ‘ನ್ಯಾಷನಲ್ ಹಿಸ್ಟರಿ ಡೇ’ ಸ್ಪರ್ಧೆಗಾಗಿ. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ವಿಜ್ಞಾನ ಮೇಳದ ಹಾಗೆ ಮಕ್ಕಳೇ ಸಂಶೋಧಿಸಿ ಪ್ರದರ್ಶಿಸಬೇಕು. ಯಾವ ಆಕರ ನೋಡಿದೆವು, ಅದರಿಂದ ಏನು ದಕ್ಕಿತು ಎಂದು ಒಂದೊಂದಕ್ಕೂ ಟಿಪ್ಪಣಿ ಬರೆದು ಒಪ್ಪಿಸಬೇಕು. ಅಂತರ್ಜಾಲದಿಂದ ಎತ್ತಿ ಅಂಟಿಸಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಹುಡುಕುತ್ತ ಹೋದಂತೆ ವಿವರಗಳು ತೆರೆದುಕೊಂಡವು. ಸೆಂಡ್ಲರ್ ಸಮಾಜ ಕಲ್ಯಾಣ ಇಲಾಖೆಯ ನೌಕರಳು. ‘ಝೆಗೊಟಾ’ ಎಂಬ ಗುಪ್ತ ಸಂಘಟನೆಯ ಜೊತೆ ದುಡಿದವಳು. ಪಾರುಮಾಡಿದ ಮಕ್ಕಳಿಗೆ ಸುಳ್ಳು ಹೆಸರಿಟ್ಟು ಬೇರೆ ಮನೆಗಳಿಗೆ, ಕಾನ್ವೆಂಟುಗಳಿಗೆ ಸೇರಿಸಬೇಕಿತ್ತು. ಆದರೆ ಮಗುವಿನ ನಿಜವಾದ ಹೆಸರು ಅಳಿಯಬಾರದು. ಅದಕ್ಕಾಗಿ ತೆಳುವಾದ ಕಾಗದದ ಚೀಟಿಗಳಲ್ಲಿ ಎರಡೂ ಹೆಸರು ಬರೆದಿಟ್ಟಳು. ಆ ಪಟ್ಟಿ ಕೊನೆಗೆ ಜಾಡಿಯೊಳಗೆ ಸೇರಿ ಸೇಬಿನ ಮರದಡಿ ಹೂತುಹೋಯಿತು. 1943ರ ಅಕ್ಟೋಬರಿನಲ್ಲಿ ಗೆಸ್ಟಾಪೊ ಪೊಲೀಸರು ಬಂಧಿಸಿ ಹಿಂಸಿಸಿದರೂ ಬಾಯಿ ಬಿಡಲಿಲ್ಲ. ಯುದ್ಧ ಮುಗಿದು ಪಟ್ಟಿ ಹೊರಬರುವ ಹೊತ್ತಿಗೆ ಹೆಚ್ಚಿನ ಮಕ್ಕಳ ತಂದೆತಾಯಿ ಬದುಕಿರಲಿಲ್ಲ.

ಆಕೆಯ ಸಮಾಧಿ ಎಲ್ಲಿದೆ ಎಂದು ಹುಡುಕುತ್ತಿದ್ದವರಿಗೆ ಆಕೆ ವಾರ್ಸಾದಲ್ಲಿ ಜೀವಂತವಾಗಿದ್ದಾರೆಂದು ತಿಳಿಯಿತು. ಪತ್ರ ಬರೆದರು, ಉತ್ತರ ಬಂತು. 2001ರ ಮೇ ತಿಂಗಳಲ್ಲಿ ಮುಖತಃ ಭೇಟಿಯೂ ಆಯಿತು. ‘ಲೈಫ್ ಇನ್ ಎ ಜಾರ್’ ಎಂದು ಹುಡುಗಿಯರು ಕಟ್ಟಿದ ಪುಟ್ಟ ನಾಟಕ ನೂರಾರು ಕಡೆ ಪ್ರದರ್ಶನ ಕಂಡಿತು. ಸೆಂಡ್ಲರ್ ತೀರಿಕೊಂಡದ್ದು 2008ರಲ್ಲಿ, 98ನೇ ವಯಸ್ಸಿನಲ್ಲಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸೊಗಸು. ಆದರೆ ಚರಿತ್ರೆಗೆ ಸೊಗಸಿನ ಹಂಗಿಲ್ಲ. ಲೋಕ ಮರೆತವಳನ್ನು ಮಕ್ಕಳು ಪತ್ತೆ ಮಾಡಿದರು ಎಂಬ ಮಾತು ಪೂರ್ತಿ ನಿಜವಲ್ಲ; ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ 1965ರಲ್ಲೇ ಆಕೆಯನ್ನು ಗೌರವಿಸಿತ್ತು. 2,500 ಎಂಬ ಸಂಖ್ಯೆಯ ಬಗ್ಗೆಯೂ ಸಂಶೋಧಕರಲ್ಲಿ ತಕರಾರಿದೆ. ಆಕೆಯೊಬ್ಬಳೇ ಮಾಡಿದ ಸಾಹಸವೂ ಅದಲ್ಲ, ಪ್ರಾಣ ಒತ್ತೆಯಿಟ್ಟ ಸಂಗಾತಿಗಳ ದೊಡ್ಡ ಬಳಗವಿತ್ತು. ತನ್ನನ್ನು ವೀರವನಿತೆ ಎಂದು ಕೊಂಡಾಡಿದರೆ ಸ್ವತಃ ಸೆಂಡ್ಲರ್‌ಗೇ ಮುಜುಗರವಾಗುತ್ತಿತ್ತು. ಮೇಷ್ಟ್ರ ಮೊದಲ ಅನುಮಾನ, ನೋಡಿ, ಕೊನೆಯವರೆಗೂ ಕೆಲಸಕ್ಕೆ ಬರುತ್ತದೆ.

ದೂರದೇಶದ ಪುಣ್ಯಾತ್ಮರನ್ನು ಹುಡುಕುವುದು ಒಂದು ಬಗೆ. ತಮ್ಮೂರಿನ ಪಾಪವನ್ನು ಕೆದಕುವುದು ಇನ್ನೊಂದು. ಜರ್ಮನಿಯಲ್ಲಿ 1973ರಲ್ಲಿ ಅಧ್ಯಕ್ಷ ಗುಸ್ತಾವ್ ಹೈನೆಮಾನ್ ಮತ್ತು ಉದ್ಯಮಿ ಕುರ್ಟ್ ಕೋರ್ಬರ್ ಸೇರಿ ಶಾಲಾ ಮಕ್ಕಳಿಗಾಗಿ ಇತಿಹಾಸ ಸ್ಪರ್ಧೆ ಆರಂಭಿಸಿದರು. 1980ರ ಸುಮಾರಿಗೆ ಕೊಟ್ಟ ವಿಷಯ ನಾಜಿ ಕಾಲದ ದಿನನಿತ್ಯದ ಬದುಕು. ಪಾಸೌ ಪಟ್ಟಣದ ಆನಾ ರೋಸ್ಮಸ್ ಎಂಬ ಹುಡುಗಿ ತನ್ನೂರು ಹಿಟ್ಲರನಿಗೆ ಸೆಡ್ಡು ಹೊಡೆದದ್ದನ್ನು ಬರೆಯೋಣವೆಂದು ಹೊರಟಳು. ಸಿಕ್ಕಿದ್ದು ಬೇರೆಯೇ. ಊರಿನ ಗಣ್ಯರು ಕೆಲವರ ಹೆಸರು ನಾಜಿಗಳ ಜೊತೆ ತಳುಕು ಹಾಕಿಕೊಂಡಿತ್ತು. ಕಡತ ಕೇಳಿದರೆ ಕೊಡಲಿಲ್ಲ, ಕೋರ್ಟಿಗೆ ಹೋಗಬೇಕಾಯಿತು. ಬೆದರಿಕೆಗಳೂ ಬಂದವು. 1983ರಲ್ಲಿ ಆಕೆಯ ಪುಸ್ತಕ ಹೊರಬಂತು, ಮರುವರ್ಷ ಪ್ರತಿಷ್ಠಿತ ಶೋಲ್ ಸೋದರ-ಸೋದರಿ ಪ್ರಶಸ್ತಿ. 1990ರಲ್ಲಿ ಈ ಪ್ರಸಂಗವನ್ನೇ ಆಧರಿಸಿ ಸಿನಿಮಾ ಬಂತು. ಎಳೆಯರಿಗೆ ಇಂಥ ಕೆಲಸ ಹಚ್ಚುವ ಶಾಲೆ, ಊರು ಮುನಿಸಿಕೊಂಡಾಗ ಅವರ ಬೆನ್ನಿಗೆ ನಿಲ್ಲಲು ಮೊದಲೇ ತಯಾರಾಗಿರಬೇಕು.

ಇನ್ನೊಂದು ಎಚ್ಚರಿಕೆ ವೇಷ ಕಟ್ಟಿಸುವುದರ ಬಗ್ಗೆ. ನೀನು ಕೈದಿ, ನೀನು ಕಾವಲುಗಾರ ಎಂದು ಮಕ್ಕಳಿಂದ ಆಡಿಸಬೇಡಿ ಎನ್ನುತ್ತದೆ ವಾಷಿಂಗ್ಟನ್ನಿನ ಹೋಲೋಕಾಸ್ಟ್ ಸ್ಮಾರಕ ಮ್ಯೂಸಿಯಂ. ಆಟ ಮುಗಿದ ಮೇಲೆ ಮಕ್ಕಳಿಗೆ ಆ ನೋವು ಅರ್ಥವಾಯಿತೆಂಬ ಭ್ರಮೆಯಷ್ಟೇ ಉಳಿಯುತ್ತದೆ. ನಮ್ಮಲ್ಲಿ ಅಪಾಯ ಭ್ರಮೆಗೇ ನಿಂತಿಲ್ಲ. 2022ರಲ್ಲಿ ಚಿತ್ರದುರ್ಗದಲ್ಲಿ ಶಾಲಾ ನಾಟಕಕ್ಕಾಗಿ ಭಗತ್ ಸಿಂಗ್ ಗಲ್ಲಿನ ದೃಶ್ಯವನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಬಾಲಕನೊಬ್ಬ ಪ್ರಾಣವನ್ನೇ ಕಳೆದುಕೊಂಡ.

ಹಾಗಾದರೆ ನಮ್ಮ ಮಕ್ಕಳು ಏನನ್ನು ಹುಡುಕಬಹುದು? ಶಿಕಾರಿಪುರ ತಾಲ್ಲೂಕಿನ ಈಸೂರು ಪಠ್ಯದಲ್ಲೇ ಇದೆ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತಾನು ಸ್ವತಂತ್ರವೆಂದು ಸಾರಿದ ಹಳ್ಳಿ. ಊರಿನ ಇಬ್ಬರು ಬಾಲಕರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ ಹಳ್ಳಿ. ಈ ವಿವರ ಕೇಳಿದರೆ ಸಾಕು, ಏಳನೇ ತರಗತಿಯ ಹುಡುಗರು ಕಿವಿ ನಿಮಿರಿಸುತ್ತಾರೆ. ಆದರೆ ಅದೇ ವರ್ಷದ ಸೆಪ್ಟೆಂಬರಿನ ಘರ್ಷಣೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಹಿಂದೆಯೇ ಹಳ್ಳಿಯ ಮೇಲೆ ದಮನ ಎರಗಿತು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು.

ಹುತಾತ್ಮರ ಹೆಸರು ಬಾಯಿಪಾಠ ಮಾಡಿಸುವುದು ಸುಲಭ. ಸತ್ತ ಇಬ್ಬರು ನೌಕರರ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಿರಬಹುದಲ್ಲವೇ ಎಂದು ಹುಡುಗಿಯೊಬ್ಬಳು ಕೇಳಿದರೆ? ಬಾಯಿ ಮುಚ್ಚಿಸುವ ಬದಲು ಅದನ್ನೂ ಪ್ರಶ್ನೆಗಳ ಪಟ್ಟಿಗೆ ಸೇರಿಸಿಕೊಳ್ಳುವ ಮೇಷ್ಟ್ರು ಬೇಕು. ಹುತಾತ್ಮರ ಮನೆತನದವರನ್ನು ಮಾತಾಡಿಸುವುದಾದರೆ ಮಕ್ಕಳ ದಂಡು ಕಟ್ಟಿಕೊಂಡು ನೇರ ಬಾಗಿಲಿಗೆ ಹೋಗುವುದಲ್ಲ. ಮೇಷ್ಟ್ರು ಮೊದಲೇ ಒಬ್ಬರೇ ಹೋಗಿ, ಏನು ಕೇಳುತ್ತೇವೆಂದು ತಿಳಿಸಿ ಬರಬೇಕು. ಅಜ್ಜಿ ಬೇಡವೆಂದರೆ ಬೇಡ. ಮೊಬೈಲಿನಲ್ಲಿ ಹಿಡಿದ ಮಾತು ಅವರ ಒಪ್ಪಿಗೆಯಿಲ್ಲದೆ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು. ಬರೆದದ್ದನ್ನು ಮೊದಲು ಓದಿ ಹೇಳಬೇಕಾದ್ದೂ ಆ ಮನೆಯವರಿಗೇ.

ಸದ್ಯ ನಮ್ಮ ಬಹುಪಾಲು ಇತಿಹಾಸದ ಪ್ರಾಜೆಕ್ಟುಗಳು ಬುಕ್‌ಸ್ಟಾಲಿನ ಚಿತ್ರಪಟ, ಗೋಂದು ಮತ್ತು ಅಮ್ಮನ ಕೈಬರಹದಲ್ಲಿ ಮುಗಿದುಹೋಗುತ್ತವೆ. ಅಂಕ ಮಾತ್ರ ಪೂರ್ತಿ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇರುವುದು ವಿಧಾನಸೌಧದಲ್ಲೇ. ಪ್ರವಾಸದ ಬಸ್ಸುಗಳು ಅದರ ಮುಂದೆ ನಿಂತು, ಫೋಟೊ ತೆಗೆಸಿಕೊಂಡು ಕಬ್ಬನ್ ಪಾರ್ಕಿನತ್ತ ಹೊರಡುತ್ತವೆ. ಶಿಕ್ಷಕರೇ, ಮುಂದಿನ ಸಲ ಹೊರಡುವ ಮುನ್ನ ಇಲಾಖೆಗೊಂದು ಪತ್ರ ಬರೆಯಿರಿ. ನಾಲ್ಕೇ ಮಕ್ಕಳಾದರೂ ಸರಿ, ಒಂದು ಹಳೆಯ ಕಡತ ಹೇಗಿರುತ್ತದೆಂದು ಕಣ್ಣಾರೆ ನೋಡಲಿ.