ಹಂಪೆಯ ಊರವರೂ ಪ್ರವಾಸಿಗರಾದ ನಾವೂ

ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ಹಂಪೆಯನ್ನು ತೋರಿಸಿ ಬರುವುದು ಮುಂಬಯಿ, ಪುಣೆಗಳ ಎಷ್ಟೋ ಕನ್ನಡ ಕುಟುಂಬಗಳ ವಾಡಿಕೆ. ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ಭಾವಚಿತ್ರ ತೆಗೆಸಿಕೊಂಡು, ಸಂಜೆಯೊಳಗೆ ಹೊಸಪೇಟೆಯನ್ನು ಸೇರುತ್ತೇವೆ. ನಮಗೆ ಊಟವಿಕ್ಕಿದ, ಹರಿಗೋಲಿನಲ್ಲಿ ಹೊಳೆ ದಾಟಿಸಿದ ಜನರು ಈ ಪ್ರವಾಸೋದ್ಯಮವನ್ನು ಹೇಗೆ ಕಾಣುತ್ತಾರೆಂದು ವಿಚಾರಿಸುವ ವ್ಯವಧಾನ ನಮಗೆಲ್ಲಿ?

ಹಂಪೆ ಬರಿಯ ಹಾಳೂರಲ್ಲ. ವಿಜಯನಗರದ ಅರಸರ ಕಾಲದ ಕೆಲವು ಕಾಲುವೆಗಳು ಇಂದಿಗೂ ಅಲ್ಲಿನ ಬಾಳೆಯ ತೋಟಗಳಿಗೂ ಭತ್ತದ ಗದ್ದೆಗಳಿಗೂ ನೀರುಣಿಸುತ್ತಿವೆ. ವಿದ್ವಾಂಸರಿಗೆ ಸ್ಮಾರಕವಾಗಿ ತೋರುವುದು ಊರವರಿಗೆ ಹೊಲದ ಬದು, ತೇರಿನ ಬೀದಿ. ಇವೆರಡು ನೋಟಗಳ ತಿಕ್ಕಾಟ ಸೇತುವೆಯ ಪ್ರಸಂಗದಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣದು.

1986ರಲ್ಲಿ ಹಂಪೆಯು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಂರಕ್ಷಿತ ವಲಯದೊಳಗೆ ಸೇತುವೆಗಳ ನಿರ್ಮಾಣ ಆರಂಭವಾದುದರಿಂದ 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ನೋಡಬಂದವರ ಕಣ್ಣಿಗೆ ಆ ಸೇತುವೆ ಕುರೂಪವೆಂಬುದು ನಿಜವಿರಬಹುದು. ಆದರೆ ಆಚೆ ದಡದ ಆನೆಗೊಂದಿಯವರಿಗೆ ಅದು ಸಂತೆಯ, ಶಾಲೆಯ, ಆಸ್ಪತ್ರೆಯ ದಾರಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲುತ್ತದೆ. ಆಗ ಹೆರಿಗೆಯ ನೋವು ಬಂದ ಹೆಣ್ಣಿನ ಪಾಡೇನು? ಈ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2006ರಲ್ಲಿ ಹಂಪೆ ಅಪಾಯದ ಪಟ್ಟಿಯಿಂದ ಹೊರಬಂದಿತು. 2009ರ ಜನವರಿಯಲ್ಲಿ ಸೇತುವೆ ಪೂರ್ಣವಾಗುವ ಮೊದಲೇ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ಮುಂದೆ ಬುಕ್ಕಸಾಗರ, ಕಡೆಬಾಗಿಲುಗಳ ನಡುವೆ ಬೇರೆ ಸೇತುವೆಯಾಯಿತು.

ಬಜಾರಿನವರ ಕಥೆ ಇನ್ನೊಂದು ಬಗೆಯದು. ತೇರಿನ ಬೀದಿಯ ಸಾಲುಮಂಟಪಗಳಲ್ಲಿ ಬಹುಕಾಲದಿಂದ ವಾಸಿಸುತ್ತ, ಪ್ರವಾಸಿಗರಿಗೆ ಚಹಾ, ಊಟ, ಕೋಣೆ ಒದಗಿಸುತ್ತಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು 2011ರ ಜುಲೈಯಲ್ಲಿ ಕೆಡವಲಾಯಿತು. ಮಂಟಪಗಳ ರಕ್ಷಣೆ ಅಗತ್ಯವಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಗೋಡೆಯೆಬ್ಬಿಸಿದಲ್ಲಿ ಶಿಲ್ಪ ಕೆಟ್ಟದ್ದೂ ಉಂಟು. ಆದರೆ ಅತಿಥಿಗಳನ್ನು ಆದರಿಸಿದವರೇ ಒಂದು ಬೆಳಗ್ಗೆ ಅತಿಕ್ರಮಣಕಾರರಾದರು. ಅವರಿಗೆ ಗೊತ್ತುಮಾಡಿದ ಕಡ್ಡಿರಾಂಪುರದ ನಿವೇಶನಗಳು ಗುಡಿಯಿಂದಲೂ ಗಿರಾಕಿಯಿಂದಲೂ ದೂರ. 2020ರಲ್ಲಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ, ಹೊಳೆಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳೂ ನೆಲಸಮವಾದವು. ಅಲ್ಲಿ ಮಾಲಿಕರಷ್ಟೇ ಅಲ್ಲ, ಅಡಿಗೆಯವರೂ ಹಾಸಿಗೆ ಒಗೆಯುವವರೂ ಕೆಲಸ ಕಳೆದುಕೊಂಡರು.

ಹಾಗೆಂದು ಊರವರು ಪ್ರವಾಸಿಗರನ್ನು ಬೇಡವೆನ್ನುತ್ತಾರೆಯೆ? ಇಲ್ಲ. ತಮ್ಮನ್ನು ಕೇಳದೆ ನಕಾಶೆ ಬರೆಯಬೇಡಿರೆಂಬುದಷ್ಟೇ ಅವರ ತಕರಾರು. ಆನೆಗೊಂದಿಯಲ್ಲಿ ಗೊನೆ ಕೊಯ್ದ ಬಾಳೆಯ ದಿಂಡಿನಿಂದ ನಾರು ತೆಗೆದು ಹೆಂಗಸರು ಚೀಲ, ಬುಟ್ಟಿಗಳನ್ನು ಹೆಣೆಯುತ್ತಾರೆ. ಹಳೆಯ ಮನೆಗಳು ಕೆಲವು ಅತಿಥಿಗೃಹಗಳಾಗಿವೆ. ಅಲ್ಲಿ ಒಂದು ರಾತ್ರಿ ತಂಗಿದರೆ ನಾವು ಕೊಟ್ಟ ಹಣದಲ್ಲಿ ಒಂದಷ್ಟಾದರೂ ಆ ದಡದಲ್ಲಿಯೇ ಉಳಿಯುತ್ತದೆ.