ಪಿಯುಸಿ ಕಾಂಬಿನೇಷನ್: ದಾರಿ ತಿರುಗುವುದು ನಾಲ್ಕನೇ ವಿಷಯದಲ್ಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ದಾಬಸ್‌ಪೇಟೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಯಾವ ಕಾಲೇಜು?’ ಎಂಬುದು. ಹೆದ್ದಾರಿಯ ಮೇಲಿನ ಊರಾದ್ದರಿಂದ ಎರಡೂ ಕಡೆಗೆ ಬಸ್ಸುಂಟು. ಒಂದು ಕಡೆ ತುಮಕೂರು, ಇನ್ನೊಂದು ಕಡೆ ನೆಲಮಂಗಲ ಮತ್ತು ಬೆಂಗಳೂರು. ಫೀಸು, ಬಸ್ ಪಾಸು, ಹಾಸ್ಟೆಲಿನ ಊಟ ಎಲ್ಲವೂ ಚರ್ಚೆಯಾಗುತ್ತವೆ. ಕಾಂಬಿನೇಷನ್ ಯಾವುದು ಎಂಬುದು ಮಾತ್ರ ಅರ್ಜಿ ತುಂಬುವಾಗ, ಕೌಂಟರಿನ ಮುಂದೆ ನಿಂತು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಈ ಕ್ರಮ ತಿರುವುಮುರುವಾಗಬೇಕು.

ಕಾರಣ ಸರಳ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಪ್ರಥಮ ಪಿಯುಸಿಯಲ್ಲಿ ಹಿಡಿದ ನಾಲ್ಕು ವಿಷಯಗಳೇ ದ್ವಿತೀಯ ಪಿಯುಸಿಗೂ ಮುಂದುವರಿಯುತ್ತವೆ. ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ ನಿಜ, ಆದರೆ ಅವು ಅಂಕ ಸುಧಾರಿಸಿಕೊಳ್ಳುವುದಕ್ಕೆ, ವಿಷಯ ಬದಲಿಸುವುದಕ್ಕಲ್ಲ. ಹದಿನೆಂಟನೇ ವಯಸ್ಸಿನಲ್ಲಿ ಯಾವ ಪದವಿಗೆ ಅರ್ಜಿ ಹಾಕಬಹುದು ಎಂಬುದು ಹದಿನಾರರಲ್ಲೇ ಅರ್ಧ ನಿರ್ಧಾರವಾಗಿರುತ್ತದೆ.

ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರು ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ವಿಜ್ಞಾನವಾದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್. ಇಲ್ಲಿ ಪೋಷಕರಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆ ಇದೆ: ಕಂಪ್ಯೂಟರ್ ಎಂಜಿನಿಯರಿಂಗ್ ಓದಬೇಕಾದರೆ ಪಿಸಿಎಂಸಿ ಬೇಕೇ ಬೇಕು ಎಂಬುದು. ಬೇಕಾಗಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವುದು ಭೌತ, ರಸಾಯನ, ಗಣಿತಗಳ ಮೇಲೆ. ದ್ವಿತೀಯ ಪಿಯುಸಿಯ ಈ ಮೂರರ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅಂಕಕ್ಕೆ ಅರ್ಧ ತೂಕ. ಕಂಪ್ಯೂಟರ್ ವಿಜ್ಞಾನದಲ್ಲಿ ನೂರಕ್ಕೆ ನೂರು ಬಂದರೂ ಆ ರ‍್ಯಾಂಕಿಗೆ ಅದು ಸೇರುವುದಿಲ್ಲ. ಭಾಷೆಗಳ ಅಂಕವೂ ಅಷ್ಟೆ. ಪ್ರೋಗ್ರಾಮಿಂಗನ್ನು ಎಂಜಿನಿಯರಿಂಗಿನ ಮೊದಲ ವರ್ಷದಲ್ಲಿ ಮೊದಲಿನಿಂದಲೇ ಕಲಿಸುತ್ತಾರೆ.

ಹೀಗಿರುವಾಗ ಹತ್ತಿರದ ಕಾಲೇಜಿನಲ್ಲಿ ಪಿಸಿಎಂಬಿ ಮಾತ್ರ ಇದೆ ಎಂಬ ಒಂದೇ ಕಾರಣಕ್ಕೆ, ಎಂಜಿನಿಯರಿಂಗ್ ಬಯಸುವ ಮಗಳನ್ನು ದಿನಾ ದೂರದ ಕಾಲೇಜಿಗೆ ಅಲೆಸುವುದು ವ್ಯರ್ಥ. ಆ ಪ್ರಯಾಣದ ಹೊತ್ತು ಗಣಿತಕ್ಕೆ ಸಿಕ್ಕರೆ ಹೆಚ್ಚು ಲಾಭ. ಜೀವಶಾಸ್ತ್ರ ಓದುವುದು ಭಾರ ಎನಿಸುವ ಮಕ್ಕಳಿಗೆ ಮಾತ್ರ ಪಿಸಿಎಂಸಿ ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿದೆ.

ಜೀವಶಾಸ್ತ್ರದ ಮಾತು ಬೇರೆ. ಇದನ್ನು ಬಿಟ್ಟರೆ ಮುಚ್ಚುವ ಬಾಗಿಲುಗಳು ಹೆಚ್ಚು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಎಂಬಿಬಿಎಸ್ ಮಾತ್ರವಲ್ಲ, ದಂತವೈದ್ಯ, ಆಯುರ್ವೇದ, ಹೋಮಿಯೋಪಥಿಗೂ ನೀಟ್ ಬೇಕು. ಬಿಎಸ್ಸಿ ನರ್ಸಿಂಗಿಗೂ ಕೃಷಿ ವಿಜ್ಞಾನದ ಪದವಿಗೂ ಜೀವಶಾಸ್ತ್ರ ಇಲ್ಲದೆ ಆಗದು. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿಗೆ ನೀಟ್ ಬೇಡ, ಸಿಇಟಿ ಸಾಕು, ಆದರೆ ಜೀವಶಾಸ್ತ್ರ ಓದಿರಲೇಬೇಕು. ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ನಮ್ಮ ಸಮಾಜದವರಿಗೆ ಪರಿಚಿತವೇ. ಬಿ.ಫಾರ್ಮಾಕ್ಕೆ ಮಾತ್ರ ಗಣಿತ ಅಥವಾ ಜೀವಶಾಸ್ತ್ರ, ಎರಡರಲ್ಲಿ ಒಂದಿದ್ದರೆ ನಡೆಯುತ್ತದೆ.

ಅಹಿಂಸೆಯ ಕಾರಣಕ್ಕೆ ಜೀವಶಾಸ್ತ್ರವನ್ನೇ ಬೇಡ ಎನ್ನುವ ಮನೆಗಳೂ ಇವೆ. ಕಪ್ಪೆ ಕೊಯ್ಯಬೇಕಾಗುತ್ತದೆ ಎಂಬ ಹಳೆಯ ಅಂಜಿಕೆ ಅದು. ಪದವಿ ಮತ್ತು ಸ್ನಾತಕೋತ್ತರ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2014ರಲ್ಲೇ ನಿಲ್ಲಿಸಿದೆ. ಆದ್ದರಿಂದ ಈ ಒಂದು ಕಾರಣಕ್ಕೆ ಬಾಗಿಲು ಮುಚ್ಚಿಕೊಳ್ಳಬೇಕಾಗಿಲ್ಲ. ಪಶುವೈದ್ಯ ಪದವಿಯ ಅಭ್ಯಾಸಕ್ರಮ ಮಾತ್ರ ಬೇರೆಯೇ. ಅದನ್ನು ಆಯ್ಕೆ ಮಾಡುವವರು ಮೊದಲೇ ಕೇಳಿ ತಿಳಿಯುವುದು ಉತ್ತಮ.

ಸಿಬಿಎಸ್‌ಇ ಶಾಲೆಗಳಲ್ಲಿ ಗಣಿತವನ್ನು ಬಿಟ್ಟು ಜೀವಶಾಸ್ತ್ರ ಹಿಡಿಯುವ ಅವಕಾಶ ಇದೆ. ಡಾಕ್ಟರ್ ಆಗುವವರಿಗೆ ಗಣಿತ ಯಾಕೆ ಎಂಬ ತರ್ಕ ಮೇಲ್ನೋಟಕ್ಕೆ ಸರಿ. ಆದರೆ ನೀಟ್‌ನಲ್ಲಿ ಸೀಟು ಸಿಗದವರೇ ಹೆಚ್ಚು, ಅವರಿಗೆ ಎರಡನೇ ದಾರಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿ.ಎಸ್. ಪದವಿಯಲ್ಲಿ ಜೀವಶಾಸ್ತ್ರವನ್ನೇ ಮುಖ್ಯವಾಗಿ ಓದಬಹುದು, ಆದರೆ ಅಲ್ಲಿ ಸೇರಲು ಪಿಯುಸಿಯಲ್ಲಿ ಗಣಿತ ಇರಲೇಬೇಕು. ಭಾರತೀಯ ವಾಯುಪಡೆ, ನೌಕಾಪಡೆಗೆ ಎನ್‌ಡಿಎ ಮೂಲಕ ಹೋಗುವವರಿಗೂ, ಪೈಲಟ್ ಆಗುವವರಿಗೂ ಭೌತಶಾಸ್ತ್ರದ ಜೊತೆ ಗಣಿತ ಕಡ್ಡಾಯ.

ವಾಣಿಜ್ಯ ವಿಭಾಗಕ್ಕೆ ಬಂದರೆ, ವ್ಯಾಪಾರದ ಮನೆಗಳಲ್ಲಿ ಆಯ್ಕೆ ಮೊದಲೇ ಆಗಿರುತ್ತದೆ. ಅಂಗಡಿ ಇದೆ, ಕಾಮರ್ಸ್ ಓದಲಿ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮೂರೂ ನಿಶ್ಚಿತ. ಇಲ್ಲಿಯೂ ತಿರುವು ನಾಲ್ಕನೆಯದರಲ್ಲೇ: ಇತಿಹಾಸ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಅಥವಾ ಬೇಸಿಕ್ ಮ್ಯಾಥ್ಸ್. ಇತಿಹಾಸ ಸೇರಿದ ಎಚ್‌ಇಬಿಎ ಕಾಂಬಿನೇಷನ್ ಸುಲಭವಾಗಿ ಸಿಗುತ್ತದೆ, ಗಣಿತದ ಭಯವಿರುವ ಮಕ್ಕಳು ಅದಕ್ಕೇ ಹೋಗುತ್ತಾರೆ. ಬಿ.ಕಾಂ. ಓದಿ ಅಂಗಡಿಗೆ ಬರುವುದಾದರೆ, ಕಾನೂನು ಓದುವುದಾದರೆ ಅದರಲ್ಲಿ ಏನೂ ಕೊರತೆಯಿಲ್ಲ.

ತೊಂದರೆ ಬರುವುದು ಸಿಎ ಎಂಬ ಮಾತು ಬಂದಾಗ. ಸಿಎ ಫೌಂಡೇಷನ್ ಪರೀಕ್ಷೆಗೆ ಯಾವ ಕಾಂಬಿನೇಷನ್‌ನವರೂ ಕೂರಬಹುದು; ನಿಯಮದ ಅಡ್ಡಿ ಇಲ್ಲ. ಆದರೆ ಅದರ ನಾಲ್ಕು ಪತ್ರಿಕೆಗಳಲ್ಲಿ ಮೂರನೆಯದು 100 ಅಂಕದ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್. ಅದರಲ್ಲಿ ವ್ಯಾವಹಾರಿಕ ಗಣಿತಕ್ಕೆ 40, ಸಂಖ್ಯಾಶಾಸ್ತ್ರಕ್ಕೆ 40, ತಾರ್ಕಿಕ ಪ್ರಶ್ನೆಗಳಿಗೆ 20 ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 40, ಒಟ್ಟಾರೆ ಶೇ. 50 ಬರಬೇಕು. ಲೆಕ್ಕಶಾಸ್ತ್ರದಲ್ಲಿ ಎಂಬತ್ತು ತೆಗೆದರೂ ಈ ಪತ್ರಿಕೆಯಲ್ಲಿ ಮೂವತ್ತೆಂಟು ಬಂದರೆ ಫೇಲು. ಎರಡು ವರ್ಷ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಓದಿದವರಿಗೆ ಇದು ಪರಿಚಿತ ನೆಲ. ಇತಿಹಾಸ ಓದಿದವರು ಕೋಚಿಂಗ್ ಸೇರಿ ಹೊಸದಾಗಿ ಕಲಿಯಬೇಕು. ಆಗದ ಕೆಲಸವಲ್ಲ, ಆದರೆ ಬಹುಪಾಲು ಹೊತ್ತು ಅದಕ್ಕೇ ಹೋಗುತ್ತದೆ. ಹಾಗಾಗಿ ಸಿಎ ಗುರಿ ಗಟ್ಟಿಯಾಗಿದ್ದರೆ, ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎಗಾಗಿ ತುಮಕೂರಿನ ಬಸ್ಸು ಹತ್ತುವುದು ಯೋಗ್ಯ.

ಅರ್ಥಶಾಸ್ತ್ರವನ್ನೇ ಆಳವಾಗಿ ಓದುವವರಿಗೆ ಇದು ಅನುಕೂಲದ ಮಾತಲ್ಲ, ಅರ್ಹತೆಯ ಮಾತು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಸಿಯುಇಟಿಯಲ್ಲಿ ಗಣಿತ ಬರೆದಿರಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಕೋಲ್ಕತ್ತಾದ ಬಿ.ಸ್ಟ್ಯಾಟ್, ಬೆಂಗಳೂರಿನ ಬಿ.ಮ್ಯಾಥ್‌ಗೂ ಗಣಿತ ಬೇಕು. ವಾಣಿಜ್ಯದ ಬೇಸಿಕ್ ಮ್ಯಾಥ್ಸ್ ಬೇರೆ, ವಿಜ್ಞಾನ ವಿಭಾಗದ ಗಣಿತ ಬೇರೆ. ಯಾವುದನ್ನು ಒಪ್ಪುತ್ತಾರೆ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಆ ವರ್ಷದ ಪ್ರಕಟಣೆಯಲ್ಲೇ ಓದಬೇಕು, ಯಾರೋ ಹೇಳಿದ್ದನ್ನು ನಂಬಬಾರದು.

ಕಲಾ ವಿಭಾಗವನ್ನು ಕಡಿಮೆ ಅಂಕದವರ ಜಾಗ ಎಂದು ತಿಳಿಯುವುದು ಇನ್ನೂ ನಿಂತಿಲ್ಲ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗುವ ಕ್ಲಾಟ್ ಪರೀಕ್ಷೆ ಯಾವ ಕಾಂಬಿನೇಷನ್ ಎಂದು ಕೇಳುವುದಿಲ್ಲ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ ಇವೇ ಅದರ ತಿರುಳು. ಇತಿಹಾಸ, ರಾಜ್ಯಶಾಸ್ತ್ರ ಓದಿದವರಿಗೆ ಇಲ್ಲಿ ಪಿಸಿಎಂಬಿ ಓದಿದವರಿಗಿಂತ ಓದುವ ಬಿಡುವೂ ಹೆಚ್ಚು.

ಕಾಲೇಜಿನಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಕಾಂಬಿನೇಷನ್ ಫಲಕದಲ್ಲಿ ಇದ್ದರೆ ಸಾಲದು. ಆ ನಾಲ್ಕನೇ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಪ್ರಯೋಗಾಲಯ ನಡೆಯುತ್ತದೆಯೇ ಎಂದು ಹಿಂದಿನ ವರ್ಷದ ವಿದ್ಯಾರ್ಥಿಗಳನ್ನು ಕೇಳಬೇಕು. ವಿಜ್ಞಾನ ವಿಷಯಗಳಲ್ಲಿ 100ರಲ್ಲಿ 30 ಅಂಕ ಪ್ರಾಯೋಗಿಕ ಪರೀಕ್ಷೆಗೇ ಇದೆ.

ವಿಷಯದ ಆಯ್ಕೆಯ ಜೊತೆಗೇ ಕಾಗದಪತ್ರಗಳನ್ನೂ ಸಿದ್ಧ ಮಾಡಿಕೊಳ್ಳಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. ಸಿಇಟಿಯಲ್ಲಿ ಎಂಜಿನಿಯರಿಂಗಿಗೆ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45 ಬೇಕಾದರೆ ಈ ಪ್ರವರ್ಗಕ್ಕೆ ಶೇ. 40 ಸಾಕು, ಆದರೆ ತಹಶೀಲ್ದಾರರ ಜಾತಿ ಮತ್ತು ಆದಾಯ ಪ್ರಮಾಣಪತ್ರ ಇರಬೇಕು. ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಪ್ರತ್ಯೇಕ ಮೀಸಲಾತಿ ಇದೆ. ಸಿಇಟಿ ಅಥವಾ ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದ ಜೈನ ವಿದ್ಯಾರ್ಥಿಗಳು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಅರ್ಜಿ ಹಾಕಬಹುದು. ಶಾಲೆಯ ದಾಖಲೆಯಲ್ಲಿ ಜಾತಿಯ ಕಾಲಂನಲ್ಲಿ ಏನು ಬರೆದಿದೆ ಎಂಬುದನ್ನು ಟಿಸಿ ಪಡೆಯುವ ಮೊದಲೇ ನೋಡಿಕೊಂಡರೆ, ಎರಡು ವರ್ಷದ ನಂತರ ನಾಡಕಚೇರಿಗೆ ಅಲೆಯುವುದು ತಪ್ಪುತ್ತದೆ.